ಆದೋನಿಗೆ ಕೇಳುತ್ತಿದ್ದ ಧಾರವಾಡ

ಅಮೆರಿಕದ ಕನ್ನಡ ಶಾಲೆಯ ಮಕ್ಕಳೇ, ನಕ್ಷೆ ತೆಗೆದು ಆಂಧ್ರಪ್ರದೇಶದ ಪಶ್ಚಿಮದ ಅಂಚಿನಲ್ಲಿ ಆದೋನಿ ಎಲ್ಲಿದೆ ಹುಡುಕಿ. ಎರೆಮಣ್ಣಿನ ಸೀಮೆ, ಹತ್ತಿ ವ್ಯಾಪಾರಕ್ಕೆ ಹೆಸರಾದ ಊರು. ಆದೋನಿ, ಆಲೂರು ತಾಲ್ಲೂಕುಗಳು ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಬಂತು, ಇವೆರಡೂ ಆಂಧ್ರಕ್ಕೆ ಹೋದವು. ಮನೆಮಾತು ಮಾತ್ರ ಎಷ್ಟೋ ಹಳ್ಳಿಗಳಲ್ಲಿ ಕನ್ನಡವಾಗಿಯೇ ಉಳಿಯಿತು. ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ತೆಲುಗು ರಾಜ್ಯಕ್ಕೆ ಸೇರಿದ ಆ ಊರುಗಳಿಗೆ ಕನ್ನಡದ ಸುದ್ದಿ, ಹಾಡು, ನಾಟಕಗಳನ್ನು ಮನೆಯೊಳಕ್ಕೇ ತಂದುಕೊಟ್ಟದ್ದು ರೇಡಿಯೊ.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಆದೋನಿಯಿಂದ ಅದು ನೇರ ಗೆರೆಯಲ್ಲಿ ಸುಮಾರು 240 ಕಿಲೋಮೀಟರ್ ದೂರ. ಅಷ್ಟು ದೂರ ದನಿ ಬರುತ್ತಿದ್ದದ್ದು ಮೀಡಿಯಂ ವೇವ್‌ನಲ್ಲಿ. ಈ ಅಲೆ ಹಗಲು ಹೊತ್ತು ನೆಲ ಹಿಡಿದು ಸಾಗುತ್ತದೆ. ರಾತ್ರಿ ಆಕಾಶದ ಎತ್ತರದ ಪದರಕ್ಕೆ ತಾಗಿ ಕೆಳಗಿಳಿಯುವುದರಿಂದ ಇನ್ನೂ ದೂರ ಹೋಗುತ್ತದೆ. ಆಗ ಯಾವ ಯಾವುದೋ ಭಾಷೆಯ ಸ್ಟೇಷನ್‌ಗಳೂ ಬಂದು ಕಲಸಿಕೊಳ್ಳುತ್ತವೆ. ಟ್ರಾನ್ಸಿಸ್ಟರ್ ರೇಡಿಯೊದ ಒಳಗಿನ ಕಪ್ಪು ಕಡ್ಡಿಯೇ ಅದರ ಆಂಟೆನಾ. ಅದಕ್ಕೇ ದನಿ ಸಣ್ಣಗಾದರೆ ಹಿರಿಯರು ಇಡೀ ಪೆಟ್ಟಿಗೆಯನ್ನೇ ಅಷ್ಟಷ್ಟೇ ತಿರುಗಿಸಿ, ಸರಿಯಾದ ದಿಕ್ಕು ಸಿಕ್ಕೊಡನೆ ಅಲ್ಲೇ ಬಿಟ್ಟು, ‘ಯಾರೂ ಮುಟ್ಟಬೇಡ್ರಿ’ ಅನ್ನುತ್ತಿದ್ದರು. ಸೆಲ್ಲು ಸೋತರೆ ತೆಗೆದು ಕಟ್ಟೆಯ ಮೇಲೆ ಬಿಸಿಲಿಗಿಡುವುದು. ಇನ್ನೂ ಒಂದೆರಡು ದಿನ ನಡೆಯುತ್ತಿತ್ತು.

ಕನ್ನಡ ನಾಡಿನ ರೇಡಿಯೊ ಕಥೆ ಮಾತ್ರ ಧಾರವಾಡಕ್ಕಿಂತ ಹಿಂದಿನದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲೇ ಪ್ರಸಾರ ಆರಂಭಿಸಿದರು. ಯಂತ್ರದ ಶಕ್ತಿ ಬರೀ 30 ವ್ಯಾಟ್. ಮನೆಯ ಒಂದು ಸಣ್ಣ ಬಲ್ಬಿನಷ್ಟು! ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೊ ತೆಗೆದುಕೊಂಡಿತು. ಹೆಸರಿಟ್ಟವರು ಗೋಪಾಲಸ್ವಾಮಿ ಎಂದು ಕೆಲವರು, ಅವರ ಜೊತೆಗಿದ್ದ ಹಾಸ್ಯಬರಹಗಾರ ನಾ. ಕಸ್ತೂರಿ ಎಂದು ಕೆಲವರು ಹೇಳುತ್ತಾರೆ. ಆ ಜಗಳ ನಮಗೆ ಬೇಡ.

ರೇಡಿಯೊ ಕೆಲಸದಲ್ಲಿ ಮುಖ ಕಾಣುವುದಿಲ್ಲ. ವರ್ಷಗಟ್ಟಲೆ ದುಡಿದವರೂ ಕೇಳುಗರಿಗೆ ಬರೀ ದನಿ. ಬೆಂಗಳೂರು ಕೇಂದ್ರದ ಎ.ಎಸ್. ಮೂರ್ತಿಯವರದು ಇನ್ನೂ ತಮಾಷೆ. ಹಳ್ಳಿಯವರಿಗಾಗಿ ಬರುತ್ತಿದ್ದ ಕಾರ್ಯಕ್ರಮದಲ್ಲಿ ಅವರು ಈರಣ್ಣನಾಗಿ ಮಾತಾಡುತ್ತಿದ್ದರು. ಬೀಜ, ಗೊಬ್ಬರ, ರೋಗದ ವಿಷಯವನ್ನು ಸರ್ಕಾರಿ ಸುತ್ತೋಲೆಯ ಹಾಗೆ ಓದಿದರೆ ಯಾರು ಕೇಳುತ್ತಾರೆ? ಪಕ್ಕದ ಮನೆಯವನು ಹರಟೆ ಹೊಡೆದ ಹಾಗಿದ್ದರೆ ಕಿವಿ ನಿಲ್ಲುತ್ತದೆ. ಆ ಪಾತ್ರ ಎಷ್ಟು ಅಂಟಿತೆಂದರೆ ಮೂರ್ತಿ ಎಂದರೆ ತಿಳಿಯದವರಿಗೂ ‘ರೇಡಿಯೊ ಈರಣ್ಣ’ ಎಂದರೆ ತಿಳಿಯುತ್ತಿತ್ತು. ಆಮೇಲೆ ಅವರು ಕಟ್ಟಿದ ‘ಅಭಿನಯ ತರಂಗ’ ಎಂಬ ನಾಟಕ ಶಾಲೆ ನಡೆಯುತ್ತಿದ್ದದ್ದು ಭಾನುವಾರ, ಅಂದರೆ ನಿಮ್ಮ ಕನ್ನಡ ಶಾಲೆಯ ಹಾಗೆಯೇ ರಜೆಯ ದಿನ.

ಜ್ಯೋತ್ಸ್ನಾ ಕಾಮತ್ ಸುಮಾರು ಮೂವತ್ತು ವರ್ಷ ಆಕಾಶವಾಣಿಯಲ್ಲಿದ್ದು, ಬೆಂಗಳೂರು ಕೇಂದ್ರದ ನಿರ್ದೇಶಕರಾಗಿ ನಿವೃತ್ತರಾದರು. ಗಾಂಧೀಜಿಯನ್ನು ಕಂಡು ಒಡನಾಡಿದವರ ನೆನಪುಗಳನ್ನು ಅವರು ಧ್ವನಿಮುದ್ರಿಸಿದರು. ನನ್ನ ಮಟ್ಟಿಗೆ ರೇಡಿಯೊದವರು ಮಾಡಿದ ದೊಡ್ಡ ಕೆಲಸ ಇಂಥದ್ದು. ಆ ಹಿರಿಯರು ತಾವಾಗಿ ಪುಸ್ತಕ ಬರೆಯುತ್ತಿದ್ದರೋ ಇಲ್ಲವೋ. ಧಾರವಾಡ ಕೇಂದ್ರಕ್ಕಂತೂ ಕವಿ ಬೇಂದ್ರೆ, ಗಾಯಕ ಮಲ್ಲಿಕಾರ್ಜುನ ಮನ್ಸೂರರಂಥವರೇ ಸಲಹೆಗಾರರಾಗಿದ್ದರು. ಆದೋನಿ ಕಡೆಯ ಹಳ್ಳಿಯಲ್ಲಿ ಕೂತವರಿಗೂ ಧಾರವಾಡದ ಪೇಟೆಯವರಿಗೂ ಸಿಗುತ್ತಿದ್ದದ್ದು ಒಂದೇ ಹಾಡು, ಒಂದೇ ಮಾತು.

ಬೆಳಿಗ್ಗೆ ಆಕಾಶವಾಣಿಯ ಪ್ರಸಾರ ಶುರುವಾಗುವ ಮುಂಚೆ ಬರುವ ಗುರುತಿನ ರಾಗ ಕಟ್ಟಿದವರು ಯಾರು ಗೊತ್ತೇ? ಯುರೋಪಿನಿಂದ ಮುಂಬೈಗೆ ಬಂದು ನೆಲೆಸಿದ್ದ ಯಹೂದಿ ಸಂಗೀತಗಾರ ವಾಲ್ಟರ್ ಕಾಫ್‌ಮನ್. ನಿಮ್ಮ ಮನೆಯ ಹಿರಿಯರ ಹಾಗೆ ಹುಟ್ಟೂರು ಬಿಟ್ಟು ದೂರ ಬಂದವರೇ ಅವರೂ.

ಧಾರವಾಡ, ಬೆಂಗಳೂರು ಕೇಂದ್ರಗಳು ಈಗ ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ಸಿಗುತ್ತವೆ. ಭಾರತದ ಬೆಳಗಿನ 6 ಗಂಟೆ ಎಂದರೆ ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹಿಂದಿನ ದಿನದ ಸಂಜೆ 7.30. ಊಟದ ಹೊತ್ತಿಗೆ ಹಚ್ಚಿ ನೋಡಿ. ತಿಳಿಯದ ಪದ ಬಂದರೆ ಅಜ್ಜಿಗೆ ಫೋನ್ ಮಾಡಿ. ಆದೋನಿ ಕಡೆಯ ಅಜ್ಜಿಯಾದರೆ ತೆಲುಗಿನಲ್ಲೂ ಅರ್ಥ ಹೇಳಿಯಾರು.