ಧ್ವನಿಯಂತ್ರದ ಶಿಲ್ಪಿ ಜೇಮ್ಸ್ ಲ್ಯಾನ್ಸಿಂಗ್

ಸಂಗೀತವನ್ನು ಯಂತ್ರದ ಮೂಲಕ ಕೇಳುವುದು ನಮಗೆಲ್ಲ ರೂಢಿಯಾಗಿಹೋಗಿದೆ. ಹಾಡಿದವರ ಹೆಸರನ್ನು ನಾವು ಬಲ್ಲೆವು. ಕೃತಿಯನ್ನು ರಚಿಸಿದವರ ಹೆಸರನ್ನೂ ಬಲ್ಲೆವು. ಆದರೆ ಆ ನಾದವನ್ನು ವಿದ್ಯುತ್ತಿನಿಂದ ಬಿಡಿಸಿ ಮತ್ತೆ ಗಾಳಿಗೆ ತಂದುಕೊಡುವ ಲೌಡ್ ಸ್ಪೀಕರಿನ ಹಿಂದೆಯೂ ಒಬ್ಬ ಮನುಷ್ಯನ ಬಾಳು ಇದ್ದೀತೆಂದು ಆಲೋಚಿಸುವವರು ವಿರಳ. ಹಳೆಯ ಸ್ಪೀಕರುಗಳನ್ನು ಕೂಡಿಡುವ, ಕೆಟ್ಟಿದ್ದರೆ ಸರಿಪಡಿಸಿ ನುಡಿಸುವ ಹವ್ಯಾಸ ನನಗೆ ಬಹಳ ವರ್ಷಗಳಿಂದ ಅಂಟಿಕೊಂಡಿದೆ. ಆ ಹವ್ಯಾಸವೇ ನನ್ನನ್ನು ಜೇಮ್ಸ್ ಬಿ. ಲ್ಯಾನ್ಸಿಂಗ್‌ನ ಜೀವನಕಥೆಯ ಬಳಿಗೆ ಕರೆದೊಯ್ದಿತು. ಜೆ.ಬಿ.ಎಲ್. ಎಂಬ ಮೂರು ಅಕ್ಷರಗಳನ್ನು ಇಂದು ಅಂಗಡಿ ಅಂಗಡಿಗಳಲ್ಲಿ ಕಾಣುತ್ತೇವೆ. ಅವು ಒಬ್ಬ ವ್ಯಕ್ತಿಯ ಹೆಸರಿನ ಮೊದಲ ಅಕ್ಷರಗಳೆಂಬುದು, ಆ ಹೆಸರಿಗಾಗಿ ಆತ ಬಹಳ ತೆತ್ತನೆಂಬುದು ಹೆಚ್ಚು ಮಂದಿಗೆ ತಿಳಿಯದು.

೧೯೦೨ರ ಜನವರಿ ೧೪ರಂದು, ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ಆತ ಜನಿಸಿದನು. ಹುಟ್ಟಿದಾಗ ಇಟ್ಟ ಹೆಸರು ಜೇಮ್ಸ್ ಮಾರ್ಟಿನಿ. ತಂದೆ ಹೆನ್ರಿ ಮಾರ್ಟಿನಿ ಕಲ್ಲಿದ್ದಲ ಗಣಿಗಳ ಎಂಜಿನಿಯರು. ಗಣಿ ಬದಲಾದಂತೆಲ್ಲ ಸಂಸಾರವೂ ಊರು ಬದಲಾಯಿಸಬೇಕು. ಹದಿನಾಲ್ಕು ಮಕ್ಕಳ ಆ ದೊಡ್ಡ ಮನೆಯಲ್ಲಿ ಜೇಮ್ಸ್ ಒಂಬತ್ತನೆಯವನು. ಹತ್ತು ವರ್ಷದವನಾಗಿದ್ದಾಗಲೇ ವಿದ್ಯುತ್ತನ್ನು ಶೇಖರಿಸುವ ಲೇಡನ್ ಜಾಡಿಯನ್ನು ತಾನೇ ಮಾಡಿ, ಜೊತೆಯ ಹುಡುಗರನ್ನು ಬೆಚ್ಚಿಬೀಳಿಸುತ್ತಿದ್ದನಂತೆ. ಮುಂದೆರಡು ವರ್ಷಗಳಲ್ಲಿ ಸಣ್ಣದೊಂದು ರೇಡಿಯೋ ಪ್ರೇಷಕವನ್ನು ಕಟ್ಟಿದನೆಂದೂ, ಅದರ ಸಂಕೇತಗಳು ದೂರದ ನೌಕಾಕೇಂದ್ರವನ್ನು ಮುಟ್ಟಿದ್ದರಿಂದ ಅದನ್ನು ಬಿಚ್ಚಿಹಾಕಬೇಕಾಯಿತೆಂದೂ ಪ್ರತೀತಿಯುಂಟು. ಪ್ರಾಯಕ್ಕೆ ಬಂದಮೇಲೆ ಮೋಟಾರು ದುರಸ್ತಿಯ ಕೆಲಸವನ್ನು ಕಲಿತು ಅದರಲ್ಲಿಯೇ ಜೀವನ ಸಾಗಿಸುತ್ತಿದ್ದನು. ವಿಶ್ವವಿದ್ಯಾಲಯದ ಪದವಿ ಅವನ ಪಾಲಿಗೆ ಬರಲಿಲ್ಲ. ಅವನ ವಿದ್ಯೆಯೆಲ್ಲ ಕೈಬೆರಳುಗಳ ಮೂಲಕವೇ ಬಂದದ್ದು.

೧೯೨೪ರ ನವೆಂಬರಿನಲ್ಲಿ ತಾಯಿ ತೀರಿಕೊಂಡಳು. ಊರಿನೊಡನೆ ಇದ್ದ ನಂಟು ಅಲ್ಲಿಗೆ ಕಡಿದಂತಾಗಿ ಜೇಮ್ಸ್ ಪಶ್ಚಿಮದ ಕಡೆಗೆ ಹೊರಟನು. ಸಾಲ್ಟ್ ಲೇಕ್ ನಗರದ ರೇಡಿಯೋ ನಿಲಯದಲ್ಲಿ ಕೆಲಸ ಹಿಡಿದನು. ಮುಂದೆ ಅವನ ಕೈಹಿಡಿದ ಗ್ಲೆನ್ನಾ ಪೀಟರ್ಸನ್ ಪರಿಚಯವಾದದ್ದೂ ಆ ನಗರದಲ್ಲಿಯೇ. ಮುಂದೆ ಅವನ ವ್ಯವಹಾರದ ಭಾರವನ್ನು ಹೊತ್ತ ಕೆನ್ ಡೆಕರ್ ಎಂಬ ಗೆಳೆಯನು ದೊರೆತದ್ದೂ ಅಲ್ಲಿಯೇ. ಅಲ್ಲಿಂದ ಗೆಳೆಯರಿಬ್ಬರೂ ಲಾಸ್ ಏಂಜಲೀಸಿಗೆ ಬಂದು, ೧೯೨೭ರ ಮಾರ್ಚ್ ೯ರಂದು ರೇಡಿಯೋ ಪೆಟ್ಟಿಗೆಗಳಿಗೆ ಸ್ಪೀಕರುಗಳನ್ನು ತಯಾರಿಸುವ ಕಂಪನಿಯೊಂದನ್ನು ನೋಂದಾಯಿಸಿದರು. ಅದಕ್ಕೆ ಲ್ಯಾನ್ಸಿಂಗ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಎಂದು ಹೆಸರಾಯಿತು. ಜೇಮ್ಸ್ ಮಾರ್ಟಿನಿ ಆ ಹೊತ್ತಿಗೆ ಹಳೆಯ ಹೆಸರನ್ನು ಕಳಚಿಟ್ಟು ಜೇಮ್ಸ್ ಬುಲೊ ಲ್ಯಾನ್ಸಿಂಗ್ ಆಗಿದ್ದನು. ಹೆಸರು ಸಾಮಾನ್ಯವಾಗಿ ಹಿರಿಯರು ಕೊಟ್ಟದ್ದು; ಇವನದು ತಾನೇ ಆರಿಸಿಕೊಂಡದ್ದು. ಮುಂದಿನ ಕಥೆಯನ್ನು ಓದುವಾಗ ಇದು ನೆನಪಿನಲ್ಲಿರಬೇಕು.

ಸ್ಪೀಕರು ಕೆಲಸ ಮಾಡುವ ಬಗೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳುವುದು ಅವಶ್ಯ. ಒಂದು ಬಲವಾದ ಅಯಸ್ಕಾಂತ. ಅದರ ನಡುವೆ ಉಂಗುರದಾಕಾರದ ಕಿರಿದಾದ ಸಂದು. ಆ ಸಂದಿನಲ್ಲಿ ಎಲ್ಲಿಯೂ ತಗಲದಂತೆ ತೂಗಿರುವ ತಂತಿಯ ಸುರುಳಿ. ಸುರುಳಿಗೆ ಅಂಟಿಸಿದ ಕಾಗದದ ಶಂಕು. ಸಂಗೀತವು ವಿದ್ಯುತ್ ರೂಪದಲ್ಲಿ ಸುರುಳಿಯೊಳಗೆ ಹರಿದಾಗ ಸುರುಳಿ ಹಿಂದುಮುಂದಾಗಿ ಅಲುಗುತ್ತದೆ. ಕಾಗದವು ಗಾಳಿಯನ್ನು ತಳ್ಳುತ್ತದೆ. ನಮಗೆ ನಾದ ಕೇಳಿಸುತ್ತದೆ. ತತ್ವ ಇಷ್ಟು ಸರಳ. ಆದರೆ ಸಂದು ಕಿರಿದಾದಷ್ಟೂ ಅಯಸ್ಕಾಂತದ ಹಿಡಿತ ಹೆಚ್ಚು, ತಯಾರಿಕೆ ಕಷ್ಟ. ಕೂದಲೆಳೆಯಷ್ಟು ಓರೆಯಾದರೂ ಸುರುಳಿ ಕಬ್ಬಿಣಕ್ಕೆ ಉಜ್ಜಿ ಸ್ವರ ಕೆಡುತ್ತದೆ. ಲ್ಯಾನ್ಸಿಂಗ್‌ನ ಪ್ರತಿಭೆ ಬೆಳಗಿದ್ದು ಈ ಕಿರಿದಾದ ಸಂದಿನಲ್ಲಿ.

ಕಂಪನಿ ಹುಟ್ಟಿದ ವರ್ಷವೇ ಅಮೆರಿಕದ ಚಲಚ್ಚಿತ್ರಕ್ಕೆ ಮಾತು ಬಂದಿತು. ಚಿತ್ರಮಂದಿರಗಳ ಸ್ಪೀಕರುಗಳು ಮಾತ್ರ ಆ ಮಾತಿಗೆ ತಕ್ಕವಾಗಿರಲಿಲ್ಲ. ಮಂದ್ರ ಸ್ವರಗಳು ಉದ್ದನೆಯ ಕಹಳೆಯ ಮೂಲಕವೂ, ತಾರ ಸ್ವರಗಳು ಗಿಡ್ಡ ಕಹಳೆಯ ಮೂಲಕವೂ ಹೊರಬೀಳುತ್ತಿದ್ದುದರಿಂದ ಒಂದು ಮುಂದೆ, ಒಂದು ಹಿಂದೆ ಬಂದು, ನರ್ತಕಿಯ ಒಂದೇ ಹೆಜ್ಜೆಯ ಸಪ್ಪಳ ಎರಡಾಗಿ ಕೇಳಿಸುತ್ತಿತ್ತು. ಎಂ.ಜಿ.ಎಂ. ಚಿತ್ರಸಂಸ್ಥೆಯ ಧ್ವನಿವಿಭಾಗದ ಮುಖ್ಯಸ್ಥ ಡಗ್ಲಸ್ ಷಿಯರರ್, ಆತನ ಸಹೋದ್ಯೋಗಿ ಜಾನ್ ಹಿಲ್ಲಿಯರ್ಡ್ ಇದನ್ನು ಸರಿಪಡಿಸಲು ಹೊರಟು, ಬೇಕಾದ ಯಂತ್ರಭಾಗಗಳಿಗಾಗಿ ಲ್ಯಾನ್ಸಿಂಗ್‌ನ ಸಣ್ಣ ಕಾರ್ಖಾನೆಗೆ ಬಂದರು. ಹಾಗೆ ಸಿದ್ಧವಾದದ್ದು ಷಿಯರರ್ ಕಹಳೆಯೆಂದು ಖ್ಯಾತವಾದ ವ್ಯವಸ್ಥೆ. ಅದಕ್ಕೆ ೧೯೩೬ನೆಯ ಸಾಲಿನ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ದೊರೆಯಿತು. ಪ್ರಶಸ್ತಿಯಲ್ಲಿ ಕಾಣಿಸಿದ್ದು ಷಿಯರರ್‌ನ ಹೆಸರು, ಚಿತ್ರಸಂಸ್ಥೆಯ ಹೆಸರು. ಲ್ಯಾನ್ಸಿಂಗ್‌ನ ಹೆಸರು ಅಲ್ಲಿರಲಿಲ್ಲ. ಅದೇ ತತ್ವವನ್ನು ಚಿಕ್ಕ ಆಕಾರಕ್ಕೆ ಇಳಿಸಿ ೧೯೩೭ರಲ್ಲಿ ಆತ ಐಕಾನಿಕ್ ಎಂಬ ಸ್ಪೀಕರನ್ನು ಹೊರತಂದನು. ಚಿತ್ರಮಂದಿರದ ಧ್ವನಿ ಒಂದು ಕೋಣೆಯೊಳಗೆ ಹಿಡಿಸುವಂತಾದದ್ದು ಹೀಗೆ.

ಏಳಿಗೆಯ ಈ ಕಾಲದಲ್ಲಿಯೇ ದೊಡ್ಡ ಪೆಟ್ಟು ಬಿದ್ದಿತು. ೧೯೩೯ರಲ್ಲಿ ಕೆನ್ ಡೆಕರ್ ವಿಮಾನ ಅಪಘಾತದಲ್ಲಿ ಮಡಿದನು. ಲೆಕ್ಕಪತ್ರ, ಸಾಲ, ವಸೂಲಿ ಇವೆಲ್ಲವನ್ನೂ ನೋಡಿಕೊಳ್ಳುತ್ತಿದ್ದವನು ಅವನು. ಸುರುಳಿ ಸುತ್ತುವುದನ್ನು ಬಲ್ಲ ಲ್ಯಾನ್ಸಿಂಗ್‌ಗೆ ಹಣದ ಲೆಕ್ಕ ಎಂದೂ ಒಲಿದಿರಲಿಲ್ಲ. ಎರಡೇ ವರ್ಷಗಳಲ್ಲಿ ಕಂಪನಿ ಕುಸಿಯಿತು. ೧೯೪೧ರ ಡಿಸೆಂಬರಿನಲ್ಲಿ ಆಲ್ಟೆಕ್ ಎಂಬ ಸಂಸ್ಥೆ ಅದನ್ನು ಕೊಂಡುಕೊಂಡಿತು. ಹೊಸ ಸಂಸ್ಥೆಯ ಹೆಸರು ಆಲ್ಟೆಕ್ ಲ್ಯಾನ್ಸಿಂಗ್. ಕಾರ್ಖಾನೆಯೊಡನೆ ಹೆಸರೂ ಮಾರಾಟವಾಗಿತ್ತು. ಲ್ಯಾನ್ಸಿಂಗ್ ಅಲ್ಲಿ ಎಂಜಿನಿಯರಿಂಗ್ ವಿಭಾಗದ ಉಪಾಧ್ಯಕ್ಷನಾಗಿ ಐದು ವರ್ಷ ದುಡಿಯಲು ಒಪ್ಪಿದನು.

ಆ ಐದು ವರ್ಷಗಳು ವ್ಯರ್ಥವಾಗಲಿಲ್ಲ. ದುಂಡು ತಂತಿಯನ್ನು ಸುತ್ತಿದರೆ ಸುತ್ತು ಸುತ್ತುಗಳ ನಡುವೆ ಬರಿಯ ಜಾಗ ಉಳಿಯುತ್ತದೆ. ಚಪ್ಪಟೆ ತಂತಿಯನ್ನು ಅಂಚಿನ ಮೇಲೆ ನಿಲ್ಲಿಸಿ ಸುತ್ತಿದರೆ ಅಷ್ಟೇ ಜಾಗದಲ್ಲಿ ಹೆಚ್ಚು ಲೋಹ ಹಿಡಿಯುತ್ತದೆ. ಅಷ್ಟೇ ವಿದ್ಯುತ್ತಿಗೆ ಹೆಚ್ಚು ನಾದ ಹೊರಡುತ್ತದೆ. ಬಾಗಿಸುವಾಗ ಮಡಿಚಿಹೋಗುವ ಆ ತಂತಿಯನ್ನು ವೇಗವಾಗಿ ಸುತ್ತುವ ವಿಧಾನವನ್ನು ಆತ ಅಲ್ಲಿ ರೂಢಿಸಿದನು. ಮಂದ್ರ ತಾರಗಳೆರಡನ್ನೂ ಒಂದೇ ಕೇಂದ್ರದಿಂದ ನುಡಿಸುವ ೬೦೪ ಎಂಬ ಸ್ಪೀಕರು, ಹಿಲ್ಲಿಯರ್ಡ್‌ನೊಡನೆ ಸೇರಿ ರೂಪಿಸಿದ ಚಿತ್ರಮಂದಿರದ ದೊಡ್ಡ ಸ್ಪೀಕರುಗಳು ಈ ಅವಧಿಯ ಫಲ. ಆದರೂ ಪರರ ಮನೆಯಲ್ಲಿ ತನ್ನ ಹೆಸರಿನಡಿ ಕೂಲಿಗೆ ನಿಂತಂತಹ ಸ್ಥಿತಿ ಅವನಿಗೆ ಒಗ್ಗಲಿಲ್ಲ. ಒಪ್ಪಂದದ ಅವಧಿ ಮುಗಿಯುತ್ತಲೇ ಹೊರಬಂದು, ೧೯೪೬ರ ಅಕ್ಟೋಬರ್ ೧ರಂದು ಲ್ಯಾನ್ಸಿಂಗ್ ಸೌಂಡ್ ಎಂಬ ಹೊಸ ಕಂಪನಿಯನ್ನು ತೆರೆದನು. ಆಲ್ಟೆಕ್ ಆಕ್ಷೇಪಿಸಿತು. ಲ್ಯಾನ್ಸಿಂಗ್ ಎಂಬುದು ತಾನು ಹಣ ತೆತ್ತು ಪಡೆದ ಹೆಸರೆಂಬುದು ಅದರ ವಾದ. ಕಡೆಗೆ ಆತ ತನ್ನ ಪೂರ್ಣ ಹೆಸರನ್ನು ಬಳಸಿ, ಕಂಪನಿಯನ್ನು ಜೇಮ್ಸ್ ಬಿ. ಲ್ಯಾನ್ಸಿಂಗ್ ಸೌಂಡ್ ಎಂದು ಕರೆದು ರಾಜಿಯಾದನು. ತಾನೇ ಆರಿಸಿಕೊಂಡ ಹೆಸರನ್ನು ಬಳಸಲು ತಾನೇ ಅನುಮತಿ ಪಡೆಯಬೇಕಾದ ವಿಚಿತ್ರ ಅವನದು.

೧೯೪೭ರಲ್ಲಿ ಹೊರಬಂದ ಡಿ-೧೩೦ ಅವನ ಕೈಗಾರಿಕೆಯ ಶಿಖರವೆಂದು ನನ್ನ ಭಾವನೆ. ಹದಿನೈದು ಅಂಗುಲದ ಕಾಗದದ ಶಂಕುವಿಗೆ ನಾಲ್ಕು ಅಂಗುಲ ಅಗಲದ ಚಪ್ಪಟೆ ತಂತಿಯ ಸುರುಳಿ. ಹಿಂದೆ ಆಲ್ನಿಕೋ ಎಂಬ ಮಿಶ್ರಲೋಹದ ಅಯಸ್ಕಾಂತ. ಕಾಗದದ ಸ್ಪೀಕರಿಗೆ ಅಷ್ಟು ದೊಡ್ಡ ಸುರುಳಿಯನ್ನು ಅದುವರೆಗೆ ಯಾರೂ ಹಾಕಿರಲಿಲ್ಲ. ಈ ಬಗೆಯ ಎರಡು ಸ್ಪೀಕರುಗಳು ನನ್ನಲ್ಲಿವೆ. ಅವು ಲ್ಯಾನ್ಸಿಂಗ್‌ನ ಮರಣಾನಂತರ ತಯಾರಾದವು. ಆದರೆ ರಚನೆ ಅವನದೇ. ಒಂದೇ ಮನೆಯಿಂದ ಬಂದವೂ ಅಲ್ಲ. ಮನೆಯಲ್ಲಿ ನುಡಿಸುವ ಸ್ಟೀರಿಯೋ ತಟ್ಟೆಗಳು ಮಾರುಕಟ್ಟೆಗೆ ಬಂದದ್ದು ೧೯೫೮ರಲ್ಲಿ. ಅದಕ್ಕೆ ಮುಂಚೆ ಮನೆಗೊಂದೇ ಸ್ಪೀಕರು ಸಾಕಾಗಿತ್ತು. ಆದ್ದರಿಂದ ಆ ಕಾಲದವನ್ನು ಜೋಡಿ ಮಾಡಹೊರಟವನು ಒಂದನ್ನು ಒಂದೆಡೆ, ಇನ್ನೊಂದನ್ನು ಇನ್ನೊಂದೆಡೆ ಹುಡುಕಬೇಕಾಗುತ್ತದೆ.

ನನಗೆ ಸಿಕ್ಕ ಎರಡನೆಯದು ಮಂದ್ರದಲ್ಲಿ ಕೆರೆಯುತ್ತಿತ್ತು. ದುರಸ್ತಿ ಮಾಡುವವರೊಬ್ಬರು ಕಾಗದವನ್ನೂ ಸುರುಳಿಯನ್ನೂ ಕಿತ್ತು ಹೊಸದನ್ನು ಕೂರಿಸೋಣವೆಂದರು. ನಾನು ಒಪ್ಪಲಿಲ್ಲ, ಆ ಸುರುಳಿಯೇ ಹೋದಮೇಲೆ ಉಳಿಯುವುದು ಬರಿಯ ಅಯಸ್ಕಾಂತ, ಬರಿಯ ಚೌಕಟ್ಟು. ದಶಕಗಳ ಕಾಲ ಒಂದೇ ಭಂಗಿಯಲ್ಲಿ ನಿಂತ ಕಾಗದವು ತನ್ನ ಭಾರಕ್ಕೆ ತಾನೇ ಕೆಳಗೆ ಜೋಲಿರುತ್ತದೆ. ಸ್ಪೀಕರನ್ನು ತಲೆಕೆಳಗಾಗಿ ತಿರುಗಿಸಿ ಕೂರಿಸಿ, ಮೆಲ್ಲನೆ ನುಡಿಸುತ್ತ ತಿಂಗಳುಗಟ್ಟಲೆ ಕಾದೆನು. ಕೆರೆತ ಕ್ರಮೇಣ ಇಳಿದು ನಿಂತುಹೋಯಿತು. ೧೯೭೦ರ ದಶಕದ ಎಷ್ಟೋ ಸ್ಪೀಕರುಗಳ ಸ್ಪಂಜಿನ ಅಂಚು ಕೆಲವೇ ವರ್ಷಗಳಲ್ಲಿ ಪುಡಿಯಾಗಿ ಉದುರುತ್ತದೆ. ಇದರ ಅಂಚು ಸುಕ್ಕು ಮಡಿಸಿದ ಕಾಗದದ್ದೇ ಆದ್ದರಿಂದ ಇಂದಿಗೂ ಗಟ್ಟಿಯಾಗಿದೆ. ಇವನ್ನು ನುಡಿಸಲು ಕೆಲವೇ ವಾಟುಗಳ ಹಳೆಯ ವಾಲ್ವ್ ಆಂಪ್ಲಿಫೈಯರು ಧಾರಾಳವಾಗಿ ಸಾಕು. ಆ ಕಾಲದ ಆಂಪ್ಲಿಫೈಯರುಗಳಿಗೆ ಇದ್ದ ಶಕ್ತಿಯೇ ಅಲ್ಪ. ಆ ಅಲ್ಪವನ್ನು ಪೋಲುಮಾಡದೆ ನಾದವಾಗಿಸುವುದೇ ಲ್ಯಾನ್ಸಿಂಗ್‌ನ ಹಟವಾಗಿತ್ತು. ವೀಣೆಯ ತಂತಿಯನ್ನು ಮೀಟಿದ ಕ್ಷಣ ಇವುಗಳಲ್ಲಿ ಕೇಳಿಬರುವಷ್ಟು ಚುರುಕಾಗಿ ಬೇರೆಡೆ ನಾನು ಕೇಳಿಲ್ಲ.

ಇಷ್ಟು ಜಿಪುಣತನದಿಂದ ವಿದ್ಯುತ್ತನ್ನು ಉಳಿಸಿದವನಿಗೆ ಹಣವನ್ನು ಉಳಿಸಲು ಬರಲಿಲ್ಲ. ಮಾರ್ಕ್ವಾರ್ಟ್ ಎಂಬ ವಿಮಾನಯಂತ್ರದ ಕಂಪನಿ ಬಂಡವಾಳ ಹೂಡಿ, ತನ್ನ ಕೋಶಾಧಿಕಾರಿಯಾದ ವಿಲಿಯಂ ತಾಮಸ್‌ನನ್ನು ವ್ಯವಹಾರ ನೋಡಿಕೊಳ್ಳಲು ಕೊಟ್ಟಿತು. ಕೆಲಕಾಲ ಉಸಿರಾಡುವಂತಾಯಿತು. ೧೯೪೯ರಲ್ಲಿ ಮಾರ್ಕ್ವಾರ್ಟ್ ಬೇರೆಯವರ ಕೈಸೇರಿದಾಗ ಆ ಆಸರೆಯೂ ತಪ್ಪಿತು. ಸಾಲಗಾರರು ಬಾಗಿಲಿಗೆ ಬಂದರು. ಆ ವರ್ಷದ ಸೆಪ್ಟೆಂಬರ್ ೨೪ರಂದು, ನಲವತ್ತೇಳನೆಯ ವಯಸ್ಸಿನಲ್ಲಿ, ಜೇಮ್ಸ್ ಲ್ಯಾನ್ಸಿಂಗ್ ತನ್ನ ತೋಟದಲ್ಲಿ ತನ್ನ ಕೈಯಾರೆ ಬಾಳನ್ನು ಮುಗಿಸಿಕೊಂಡನು. ಹತ್ತು ಸಾವಿರ ಡಾಲರುಗಳ ಜೀವವಿಮೆಯ ಹಣ ಕಂಪನಿಗೆ ಸಂದಿತು. ಆ ಹಣದಿಂದ ಕಂಪನಿ ಉಳಿಯಿತು. ಅದನ್ನು ಕಟ್ಟಿದವನು ಉಳಿಯಲಿಲ್ಲ. ಇದನ್ನು ತ್ಯಾಗವೆಂದು ಕೊಂಡಾಡುವವರನ್ನು ನಾನು ಬಲ್ಲೆ, ನನಗೆ ಹಾಗೆನ್ನಿಸುವುದಿಲ್ಲ. ಡೆಕರ್‌ನಂತಹ ಒಬ್ಬ ಗೆಳೆಯ ಬಳಿಯಿದ್ದಿದ್ದರೆ ಆ ಸಾಲ ತೀರಬಹುದಾದ ಸಾಲವಾಗಿಯೇ ಕಂಡಿರುತ್ತಿತ್ತು.

ತಾಮಸ್ ಕಂಪನಿಯನ್ನು ವಹಿಸಿಕೊಂಡು ಬೆಳೆಸಿದನು. ಹೆಸರಿನ ಜಗಳ ಲ್ಯಾನ್ಸಿಂಗ್ ಸತ್ತಮೇಲೂ ಮುಂದುವರಿದು, ೧೯೫೦ರ ದಶಕದಲ್ಲಿ ಜೆ.ಬಿ.ಎಲ್. ಎಂಬ ಮೂರಕ್ಷರಗಳ ಮುದ್ರೆ ಬಳಕೆಗೆ ಬಂದಿತು. ೧೯೫೪ರಲ್ಲಿ ಹಾರ್ಟ್ಸ್‌ಫೀಲ್ಡ್ ಎಂಬ ದೊಡ್ಡ ಸ್ಪೀಕರು ಬಂದಿತು. ೧೯೫೭ರಲ್ಲಿ ಎರಡು ಸ್ಪೀಕರುಗಳನ್ನು ಒಂದೇ ಬಾಗಿದ ಮರದ ಪೆಟ್ಟಿಗೆಯಲ್ಲಿ ಹುದುಗಿಸಿದ ಪ್ಯಾರಗನ್ ಬಂದು, ೧೯೮೩ರವರೆಗೂ ತಯಾರಾಗುತ್ತಿತ್ತು. ಇವುಗಳ ಹೃದಯದಲ್ಲಿ ಇದ್ದದ್ದು ಲ್ಯಾನ್ಸಿಂಗ್ ಹಾಕಿಕೊಟ್ಟ ನಾಲ್ಕಂಗುಲದ ಸುರುಳಿಯ ಮಾದರಿಯೇ. ಮನೆಗಳಲ್ಲಿ ಸ್ಟೀರಿಯೋ ಸಂಗೀತ ಮೊಳಗಿದ ದಿನಗಳನ್ನು ಆತ ಕಾಣಲಿಲ್ಲ. ೧೯೬೯ರಲ್ಲಿ ಆ ಕಂಪನಿಯೂ ಇನ್ನೊಬ್ಬರಿಗೆ ಮಾರಾಟವಾಯಿತು. ಇತ್ತ ಆಲ್ಟೆಕ್ ಲ್ಯಾನ್ಸಿಂಗ್ ಎಂಬ ಹೆಸರು ಒಡೆಯರಿಂದ ಒಡೆಯರಿಗೆ ಸಾಗಿ, ಕಂಪ್ಯೂಟರಿನ ಪಕ್ಕದಲ್ಲಿಡುವ ಅಗ್ಗದ ಪುಟ್ಟ ಸ್ಪೀಕರುಗಳ ಮೇಲೆಯೂ ಅಚ್ಚಾಯಿತು.

ಹೀಗೆ ಒಬ್ಬನೇ ವ್ಯಕ್ತಿಯ ಹೆಸರು ಎರಡು ಸಂಸ್ಥೆಗಳ ಸೊತ್ತಾಗಿ ಜಗತ್ತನ್ನು ಸುತ್ತಿತು. ಎರಡೂ ಅವನ ಕೈಯಲ್ಲಿ ಉಳಿಯಲಿಲ್ಲ. ಆದರೆ ಅಂಚಿನ ಮೇಲೆ ನಿಂತ ಆ ಚಪ್ಪಟೆ ತಂತಿಯ ಮೇಲೆ ಯಾವ ಹೆಸರೂ ಇಲ್ಲ. ಬಲ್ಲವರು ಅದನ್ನು ನೋಡಿದೊಡನೆ ಯಾರ ಪರಂಪರೆಯ ಕೆಲಸವೆಂದು ಗುರುತಿಸುತ್ತಾರೆ. ಓದುಗರ ಮನೆಯ ಅಟ್ಟದ ಮೇಲೋ, ಶಾಲೆಯ ಉಗ್ರಾಣದಲ್ಲೋ ಹಳೆಯದೊಂದು ಸ್ಪೀಕರು ಬಿದ್ದಿದ್ದರೆ, ಅದು ಯಾರು ಮಾಡಿದ್ದೇ ಆಗಲಿ, ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ ಒಮ್ಮೆ ಧೂಳೊರಸಿ, ಹಿಂದುಮುಂದು ತಿರುಗಿಸಿ ನೋಡಲಿ. ಅದನ್ನು ಸುತ್ತಿದವರೂ, ಅಂಟಿಸಿದವರೂ, ಸಂದು ಅಳೆದವರೂ ನಮ್ಮ ನಿಮ್ಮಂತೆ ಸಂಸಾರವುಳ್ಳವರು.