ಸೋತವರ ಹೆಸರಿನ ಗೆಲುವಿನ ಪಾತ್ರೆ

ಐರ್ಲೆಂಡ್ ಎಂದೊಡನೆ ನಮಗೆ ಸಂತ ಪ್ಯಾಟ್ರಿಕ್ಕರ ನೆನಪಾಗುತ್ತದೆ. ಕಡಲು ದಾಟಿ ಹೋಗಿ ಸೇವೆಗೈದ ಅಲ್ಲಿನ ಗುರುಗಳು ಹಾಗೂ ಕನ್ಯಾಸ್ತ್ರೀಯರ ನೆನಪಾಗುತ್ತದೆ. ಕಥೋಲಿಕರೇ ಬಹುಸಂಖ್ಯಾತರಾಗಿರುವ ಆ ನಾಡು ವರ್ಷವರ್ಷವೂ ಅಭಿಮಾನದಿಂದ ಉಚ್ಚರಿಸುವ ಇನ್ನೊಂದು ಹೆಸರಿದೆ. ಅದು ಕಥೋಲಿಕರೊಬ್ಬರದಲ್ಲ ಎಂಬುದೇ ನಾವಿಂದು ಆ ಜೀವನವನ್ನು ಸ್ಮರಿಸಲು ಕಾರಣ. ಅವರೇ ಸ್ಯಾಮ್ ಮಗ್ವಾಯರ್.

1884ರಲ್ಲಿ ಥರ್ಲ್ಸ್ ಪಟ್ಟಣದಲ್ಲಿ ಗೇಲಿಕ್ ಕ್ರೀಡಾ ಸಂಘ ಜನ್ಮ ತಾಳಿತು. ಬ್ರಿಟಿಷರ ಆಳ್ವಿಕೆಯಲ್ಲಿ ಮರೆಯಾಗುತ್ತಿದ್ದ ದೇಶೀಯ ಆಟಗಳನ್ನು ಉಳಿಸುವುದು ಅದರ ಧ್ಯೇಯ. ಕ್ಯಾಷೆಲ್‌ನ ಮಹಾಧರ್ಮಾಧ್ಯಕ್ಷ ಥಾಮಸ್ ಕ್ರೋಕ್ ಅದರ ಪ್ರಥಮ ಪೋಷಕರು. ಡಬ್ಲಿನ್ನಿನ ಕ್ರೋಕ್ ಪಾರ್ಕ್ ಕ್ರೀಡಾಂಗಣ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಚೆಂಡನ್ನು ಕಾಲಿನಿಂದಲೂ ಕೈಯಿಂದಲೂ ಆಡುವ ಗೇಲಿಕ್ ಫುಟ್‌ಬಾಲಿನ ಅಖಿಲ ಐರ್ಲೆಂಡ್ ಚಾಂಪಿಯನ್‌ಶಿಪ್ 1887ರಲ್ಲಿ ಆರಂಭವಾಯಿತು. ಪ್ರಥಮ ವಿಜಯ ಲಿಮರಿಕ್ ಪ್ರಾಂತ್ಯದ್ದು. ಆಟಗಾರರಿಗೆ ಸಂಬಳವಿಲ್ಲ, ತಮ್ಮ ಪ್ರಾಂತ್ಯದ ಗೌರವಕ್ಕಾಗಿ ಆಡುವುದೇ ಅಲ್ಲಿನ ಪದ್ಧತಿ.

ಸ್ಯಾಮ್ ಮಗ್ವಾಯರ್ 1877ರಲ್ಲಿ ಕಾರ್ಕ್ ಪ್ರಾಂತ್ಯದ ಡನ್‌ಮಾನ್‌ವೇ ಸಮೀಪದ ರೈತ ಕುಟುಂಬವೊಂದರಲ್ಲಿ ಜನಿಸಿದರು. ಅವರದು ಪ್ರೊಟೆಸ್ಟಂಟ್ ಮನೆತನ. ಹೊಟ್ಟೆಪಾಡಿಗಾಗಿ ಲಂಡನ್ನಿಗೆ ತೆರಳಿ ಅಂಚೆ ಇಲಾಖೆಯಲ್ಲಿ ನೌಕರಿ ಹಿಡಿದ ಅವರು, ಪರವೂರಿನಲ್ಲಿ ತವರಿನ ಆಟವನ್ನು ಮರೆಯಲಿಲ್ಲ. ಲಂಡನ್ ಹೈಬರ್ನಿಯನ್ಸ್ ತಂಡವನ್ನು ಸೇರಿದರು. ಅಂದು ಐರ್ಲೆಂಡಿನೊಳಗೆ ಗೆದ್ದ ತಂಡ ಅಂತಿಮವಾಗಿ ಲಂಡನ್ ತಂಡವನ್ನು ಎದುರಿಸಬೇಕಿತ್ತು. 1900ರಿಂದ 1903ರ ವರೆಗಿನ ಚಾಂಪಿಯನ್‌ಶಿಪ್‌ಗಳಲ್ಲಿ ಮಗ್ವಾಯರ್ ಒಂದಕ್ಕಿಂತ ಹೆಚ್ಚು ಬಾರಿ ಅಂತಿಮ ಪಂದ್ಯವನ್ನಾಡಿದರು, ನಾಯಕರಾಗಿಯೂ ಕಣಕ್ಕಿಳಿದರು. ಆದರೆ ಒಮ್ಮೆಯೂ ಗೆಲ್ಲಲಿಲ್ಲ. 2025ರ ವೇಳೆಗೆ 39 ಬಾರಿ ಪ್ರಶಸ್ತಿ ಗಳಿಸಿದ್ದ ಕೆರ್ರಿ ಪ್ರಾಂತ್ಯದ ಮೊತ್ತಮೊದಲ ಗೆಲುವು, 1903ರ ಚಾಂಪಿಯನ್‌ಶಿಪ್‌ನಲ್ಲಿ, ಇದೇ ಲಂಡನ್ ತಂಡದ ಮೇಲೆ ಬಂದುದಾಗಿತ್ತು.

ಆಟದ ಜೊತೆಗೆ ದೇಶದ ಸ್ವಾತಂತ್ರ್ಯವೂ ಅವರ ಹಂಬಲವಾಗಿತ್ತು. ಗುಪ್ತ ಕ್ರಾಂತಿಕಾರಿ ಸಂಘದ ಸದಸ್ಯರಾಗಿದ್ದ ಅವರು, ತಮ್ಮದೇ ಪ್ರಾಂತ್ಯದ ಕಥೋಲಿಕ ತರುಣ ಮೈಕಲ್ ಕಾಲಿನ್ಸ್‌ರನ್ನು 1909ರಲ್ಲಿ ಅದಕ್ಕೆ ಸೇರಿಸಿಕೊಂಡರು. ಮುಂದೆ ಕಾಲಿನ್ಸ್ ಹೋರಾಟದ ಮುಖಂಡರಾದಾಗ ಲಂಡನ್ನಿನಿಂದ ಗುಪ್ತ ಮಾಹಿತಿ ರವಾನಿಸಿದವರು ಮಗ್ವಾಯರ್. ಆ ದಿನಗಳ ಕ್ರೌರ್ಯ ಆಟದ ಬಯಲನ್ನೂ ಬಿಡಲಿಲ್ಲ. 1920ರ ನವೆಂಬರ್ 21ರಂದು ಕ್ರೋಕ್ ಪಾರ್ಕಿನಲ್ಲಿ ಸರಕಾರಿ ಪಡೆಗಳು ಹಾರಿಸಿದ ಗುಂಡಿಗೆ ಆಟಗಾರ ಮೈಕಲ್ ಹೋಗನ್ ಸೇರಿದಂತೆ 14 ಮಂದಿ ಬಲಿಯಾದರು.

ಸ್ವಾತಂತ್ರ್ಯವೇನೋ ಬಂದಿತು, ಮಗ್ವಾಯರರಿಗೆ ಅದು ಸುಖವನ್ನು ತರಲಿಲ್ಲ. ಡಬ್ಲಿನ್ನಿನಲ್ಲಿ ದೊರೆತ ಸರಕಾರಿ ಹುದ್ದೆಯನ್ನು ಹೊಸ ಸರಕಾರದೊಡನೆ ಮೂಡಿದ ಭಿನ್ನಾಭಿಪ್ರಾಯದಿಂದಾಗಿ ಕಳೆದುಕೊಂಡರು. ಕ್ಷಯರೋಗಪೀಡಿತರಾಗಿ, ಬರಿಗೈಯಲ್ಲಿ ಹುಟ್ಟೂರಿಗೆ ಮರಳಿ, 1927ರ ಫೆಬ್ರವರಿ 6ರಂದು 49ರ ಪ್ರಾಯದಲ್ಲಿ ಕಣ್ಮುಚ್ಚಿದರು. ಊರಿನ ಪ್ರೊಟೆಸ್ಟಂಟ್ ದೇವಾಲಯದ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಗೆಳೆಯರು ಮಾತ್ರ ಅವರನ್ನು ಮರೆಯಲಿಲ್ಲ. ಹಣ ಕೂಡಿಸಿ, ಅವರ ಹೆಸರಿನಲ್ಲಿ ಬೆಳ್ಳಿಯ ಪಾತ್ರೆಯೊಂದನ್ನು ಮಾಡಿಸಿ ಕ್ರೀಡಾ ಸಂಘಕ್ಕೆ ಅರ್ಪಿಸಿದರು. ಅದರ ಮಾದರಿ ಯಾವುದು ಗೊತ್ತೇ? ಲಿಮರಿಕ್ ಪ್ರಾಂತ್ಯದ ಆರ್ಡಾದಲ್ಲಿ 1868ರಲ್ಲಿ ಆಲೂಗಡ್ಡೆ ಅಗೆಯುತ್ತಿದ್ದಾಗ ಮಣ್ಣಿನಡಿ ದೊರೆತ, ಎಂಟನೆಯ ಶತಮಾನದ ಪೂಜಾಪಾತ್ರೆ! ಪುರಾತನ ಬಲಿಪೂಜೆಯ ಪಾತ್ರೆಯ ಆಕಾರಕ್ಕೆ ಪ್ರೊಟೆಸ್ಟಂಟ್ ಕ್ರೀಡಾಪಟುವಿನ ಹೆಸರು. 1928ರಲ್ಲಿ ಕ್ಯಾವನ್ ತಂಡವನ್ನು ಒಂದೇ ಅಂಕದಿಂದ ಸೋಲಿಸಿದ ಕಿಲ್ಡೇರ್ ತಂಡ ಅದನ್ನು ಪ್ರಥಮವಾಗಿ ಎತ್ತಿಹಿಡಿಯಿತು. ಸವೆದುಹೋದ ಆ ಮೂಲ ಪಾತ್ರೆಗೆ 1988ರಲ್ಲಿ ವಿಶ್ರಾಂತಿ ನೀಡಲಾಯಿತು. ಅಂದಿನಿಂದ ಅದರ ಪ್ರತಿಕೃತಿ ಗೆದ್ದವರ ಕೈ ಸೇರುತ್ತಿದೆ.

ಜಾತಿ, ಸಭೆಗಳ ಲೆಕ್ಕ ಹಾಕಿ ಹಿರಿಯರನ್ನು ಹಂಚಿಕೊಳ್ಳುವ ಅಭ್ಯಾಸ ನಮ್ಮಲ್ಲಿಯೂ ಇಲ್ಲದಿಲ್ಲ. ಐರ್ಲೆಂಡಿನ ಹಳ್ಳಿಯ ಹುಡುಗರು ಆ ಪಾತ್ರೆಯನ್ನು ಸ್ಯಾಮ್ ಎಂದೇ ಸಲಿಗೆಯಿಂದ ಕರೆಯುವಾಗ, ಆತ ಯಾವ ದೇವಾಲಯಕ್ಕೆ ಹೋಗುತ್ತಿದ್ದನೆಂದು ಕೇಳುವುದಿಲ್ಲ. ಬದುಕಿರುವಾಗ ಕಿರೀಟ ಕಾಣದ ಆ ಕೈಗಳನ್ನು ನಾವೂ ಕ್ಷಣಕಾಲ ನೆನೆಯೋಣ.