ತಾಯ್ನುಡಿಯ ಶಾಲೆಯಿಂದ ವಿಜ್ಞಾನಕ್ಕೆ: ಜಗದೀಶಚಂದ್ರ ಬೋಸ್

1858ರಲ್ಲಿ ಬಂಗಾಳದ ಮೈಮನಸಿಂಗ್‌ನಲ್ಲಿ ಜನಿಸಿದ ಆಚಾರ್ಯ ಜಗದೀಶಚಂದ್ರ ಬೋಸರನ್ನು, ಇಂಗ್ಲಿಷ್ ಶಾಲೆಯೇ ಪ್ರತಿಷ್ಠೆಯೆನಿಸಿದ್ದ ಆ ಕಾಲದಲ್ಲಿ, ಸರಕಾರಿ ಅಧಿಕಾರಿಯಾಗಿದ್ದ ತಂದೆ ಭಗವಾನಚಂದ್ರರು ಮೊದಲು ಬಂಗಾಳಿ ಪಾಠಶಾಲೆಗೆ ಕಳುಹಿಸಿದರು. ಬೆಸ್ತರ ಮಗನೊಡನೆ ಕುಳಿತು ಅವರು ಅಕ್ಷರ ಕಲಿತರು. ಮುಂದೆ ಕೇಂಬ್ರಿಜ್‌ನಲ್ಲಿ ಓದಿ, 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದರು.

ಬಿಡಿಬಿಡಿಯಾದ ಲೋಹದ ಚೂರುಗಳಲ್ಲಿ ಸುಲಭವಾಗಿ ಹರಿಯದ ವಿದ್ಯುತ್ತು, ರೇಡಿಯೋ ತರಂಗ ತಗುಲಿದೊಡನೆ ಹರಿಯತೊಡಗುತ್ತದೆ. ಈ ಗುಣವೇ ಅಂದಿನ ನಿಸ್ತಂತು ಗ್ರಾಹಕಗಳ ಆಧಾರ. ಆದರೆ ಪ್ರತಿ ಸಂಕೇತದ ಬಳಿಕ ಚೂರುಗಳನ್ನು ತಟ್ಟಿ ಬಿಡಿಸಬೇಕಿತ್ತು. 1899ರಲ್ಲಿ ಬೋಸರು, ಎಣ್ಣೆಯ ತೆಳುಪೊರೆ ಹೊದ್ದ ಪಾದರಸಕ್ಕೆ ಕಬ್ಬಿಣವನ್ನು ತಾಗಿಸಿ, ತಾನೇ ಚೇತರಿಸಿಕೊಳ್ಳುವ ಗ್ರಾಹಕವನ್ನು ರಾಯಲ್ ಸೊಸೈಟಿಗೆ ನಿರೂಪಿಸಿದರು.

ಬಂಗಾಳಿಯಲ್ಲಿಯೂ ವಿಜ್ಞಾನ ಬರೆದ ಅವರು 1937ರಲ್ಲಿ ನಿಧನರಾದರು. ಗಡಿನಾಡಿನ ಕನ್ನಡ ಶಾಲೆಗೆ ಮಕ್ಕಳನ್ನು ಸೇರಿಸಲು ಹಿಂಜರಿಯುವ ಪಾಲಕರ ಮುಂದೆ ನಾವು ಇರಿಸಬಯಸುವುದು ಈ ಬಾಳನ್ನೇ.